ನಾಲ್ಕನೇ ಸ್ಥಾನವನ್ನು ಸಂಭ್ರಮಿಸಬೇಕೇ?

ಪರ: ಜಗತ್ತಿನ ನಾಲ್ಕನೆಯವನು ಸಣ್ಣವನಲ್ಲ

2025ರ ಟೋಕಿಯೊ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಿಂದ ಭಾರತ ಬರಿಗೈಯಲ್ಲಿ ಮರಳಿತು. ಪದಕ ಪಟ್ಟಿ ಹೇಳುವುದು ಅಷ್ಟನ್ನೇ. ಆದರೆ ಜಾವೆಲಿನ್ ಫೈನಲ್‌ನಲ್ಲಿ ಸಚಿನ್ ಯಾದವ್ ತಮ್ಮ ಜೀವನದಲ್ಲೇ ಅತಿ ದೂರದ ಎಸೆತ ದಾಖಲಿಸಿ, 86.27 ಮೀಟರ್‌ನೊಂದಿಗೆ ನಾಲ್ಕನೆಯವರಾದರು. ಅವರ ಹಿಂದೆ ಉಳಿದವರಲ್ಲಿ ಜರ್ಮನಿಯ ಜೂಲಿಯನ್ ವೆಬರ್ ಇದ್ದರು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅರ್ಷದ್ ನದೀಂ ಇದ್ದರು, ನಮ್ಮ ನೀರಜ್ ಚೋಪ್ರಾ ಕೂಡ ಇದ್ದರು. ಕಂಚಿಗೆ ಕಡಿಮೆ ಬಿದ್ದದ್ದು 40 ಸೆಂಟಿಮೀಟರ್.

ಅಥ್ಲೆಟಿಕ್ಸ್‌ನಲ್ಲಿ 200ಕ್ಕೂ ಹೆಚ್ಚು ದೇಶಗಳಿವೆ. ಇಷ್ಟು ಜನರ ನಡುವೆ ನಾಲ್ಕನೆಯವರಾಗುವುದು ಹುಡುಗಾಟವಲ್ಲ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಪುರುಷರ 4x400 ಮೀಟರ್ ರಿಲೇ ತಂಡ ಹೀಟ್ಸ್‌ನಲ್ಲಿ (ಫೈನಲ್‌ಗೆ ಮುಂಚಿನ ಅರ್ಹತಾ ಸುತ್ತಿನಲ್ಲಿ) 2 ನಿಮಿಷ 59.05 ಸೆಕೆಂಡ್ ಓಡಿ ಏಷ್ಯಾ ದಾಖಲೆ ಮುರಿಯಿತು, ಫೈನಲ್‌ನಲ್ಲಿ ಐದನೆಯದಾಯಿತು. ಪದಕ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲಿನ ಜಾಗವೂ ಇಲ್ಲ.

ಪದಕ ಬೇಡವೆಂದು ವಾದಿಸುವುದು ನನ್ನಿಂದಾಗದು. ಪದಕ ಬಂದ ದಿನ ಎಲ್ಲರಂತೆ ನಾನೂ ಕುಣಿಯುವವನೇ. ಈ ಪಕ್ಷ ವಹಿಸಿ ಬರೆಯಬೇಕೆಂದು ಕೇಳಿದಾಗ ಮನಸಾರೆ ಒಪ್ಪಿದ್ದು ಇಷ್ಟಕ್ಕೆ: ಮೂರನೆಯವರಿಗೆ ಹಾರ, ಹಣ, ನೌಕರಿ ಎಲ್ಲವೂ ಸಿಗುವಾಗ ನಾಲ್ಕನೆಯವರು ವಿಮಾನ ನಿಲ್ದಾಣದಿಂದ ಒಂಟಿಯಾಗಿ ಮನೆಗೆ ಹೋಗುವುದು ಸರಿಯಲ್ಲ. ಅವರನ್ನೂ ಹೆಸರಿಟ್ಟು ಕರೆದು ಗೌರವಿಸೋಣ.

ವಿರೋಧ: ಸಮಾಧಾನದ ಸನ್ಮಾನ ಸಾಕು

ಮಿಲ್ಖಾ ಸಿಂಗ್ 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ನಾಲ್ಕನೆಯವರು. ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ನಾಲ್ಕನೆಯವರು. ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಆ ಎರಡೂ ಓಟಗಳಿಗೆ ಕೈ ಮುಗಿಯುತ್ತೇನೆ. ನನಗೆ ಸಿಟ್ಟಿರುವುದು ಅವುಗಳನ್ನು ಹಾಡಿ ಹೊಗಳಿ ನಾವು ಕೈಕಟ್ಟಿ ಕುಳಿತದ್ದರ ಮೇಲೆ. ರೋಮ್‌ನಲ್ಲಿ ಮಿಲ್ಖಾ ಸ್ಥಾಪಿಸಿದ ರಾಷ್ಟ್ರೀಯ ದಾಖಲೆಯನ್ನು ಪರಮ್‌ಜಿತ್ ಸಿಂಗ್ ಮುರಿದದ್ದು 1998ರಲ್ಲಿ. ಉಷಾ ಅವರ 55.42 ಸೆಕೆಂಡನ್ನು ವಿತ್ಯಾ ರಾಮರಾಜ್ ಸರಿಗಟ್ಟಿದ್ದು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ. ಒಂದಕ್ಕೆ 38 ವರ್ಷ, ಇನ್ನೊಂದಕ್ಕೆ 39 ವರ್ಷ! ನಾಲ್ಕನೇ ಸ್ಥಾನಕ್ಕೆ ಸ್ಫೂರ್ತಿ ತುಂಬುವ ಶಕ್ತಿ ಅಷ್ಟಿದ್ದರೆ ನಡುವಿನ ಎರಡು ತಲೆಮಾರು ಏನು ಮಾಡುತ್ತಿತ್ತು?

ಸನ್ಮಾನ ಏನು ಮಾಡುತ್ತದೆ ಎಂಬುದು ನನಗೆ ಗೊತ್ತು. ಕಾಲೇಜಿನ ದಿನಗಳಲ್ಲಿ ನಾನೂ 400 ಮೀಟರ್ ಹರ್ಡಲ್ಸ್ ಓಡುತ್ತಿದ್ದೆ. ಅಂತರ ಕಾಲೇಜು ಕೂಟದ ಫೈನಲ್‌ನಲ್ಲಿ ಎಂಟನೇ ಹರ್ಡಲ್‌ವರೆಗೆ ಎರಡನೇ ಸ್ಥಾನದಲ್ಲಿದ್ದೆ. ಹರ್ಡಲ್‌ಗಳ ನಡುವೆ ನನ್ನದು ಹದಿನೇಳು ಹೆಜ್ಜೆಯ ಲಯ. ಕಾಲು ಸೋತು ಒಂಬತ್ತನೆಯದಕ್ಕೆ ಅದು ಹದಿನೆಂಟಾಯಿತು. ಹೆಜ್ಜೆ ಒಂದು ಹೆಚ್ಚಾದರೆ ಎಡಗಾಲಿನ ಬದಲು ಬಲಗಾಲನ್ನು ಮುಂದೆ ಹಾಕಿ ದಾಟಬೇಕು. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಹರ್ಡಲ್ ಮುಂದೆ ತಡವರಿಸಿ ನಿಂತಂತಾಗಿ, ಮತ್ತೆ ಓಟ ಹಿಡಿಯುವಷ್ಟರಲ್ಲಿ ಇಬ್ಬರು ದಾಟಿ ಹೋಗಿದ್ದರು. ಮರುವಾರ ಕಾಲೇಜಿನಲ್ಲಿ ಶಾಲು ಹೊದಿಸಿ, ಹಾರ ಹಾಕಿ, ‘ನಮ್ಮ ಉಷಾ’ ಎಂದು ಭಾಷಣ ಮಾಡಿದರು. ಒಂಬತ್ತನೇ ಹರ್ಡಲ್‌ನಲ್ಲಿ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಮರುವರ್ಷವೂ ಅದೇ ಹರ್ಡಲ್, ಅದೇ ತಡವರಿಕೆ, ಅದೇ ನಾಲ್ಕನೇ ಸ್ಥಾನ. ಅಮ್ಮ ಆ ಶಾಲುಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪದಕ ಬಂದಾಗ ಏನಾಗುತ್ತದೆ ನೋಡಿ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಎರಡೇ ವರ್ಷಗಳಲ್ಲಿ, ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ಜಾವೆಲಿನ್ ಫೈನಲ್‌ನ ಮೊದಲ ಆರು ಸ್ಥಾನಗಳಲ್ಲಿ ಮೂವರು ಭಾರತೀಯರು: ಚಿನ್ನ ಗೆದ್ದ ನೀರಜ್, ಐದನೆಯವರಾಗಿ ಕಿಶೋರ್ ಜೇನಾ, ಆರನೆಯವರಾಗಿ ನಮ್ಮ ಕರ್ನಾಟಕದ ಡಿ.ಪಿ. ಮನು. ಹಾಂಗ್‌ಝೌನಲ್ಲಿ ನೀರಜ್‌ಗೆ ಚಿನ್ನ, ಜೇನಾಗೆ ಬೆಳ್ಳಿ. 39 ವರ್ಷ ಎಲ್ಲಿ, ಎರಡು ವರ್ಷ ಎಲ್ಲಿ! ಎದುರಾಳಿಗಳು ಮುಂದಿಡುವ ಸಚಿನ್ ಯಾದವ್ ಕೂಡ ನೀರಜ್ ತೆರೆದ ಈ ದಾರಿಯಲ್ಲೇ ಬಂದವರು.

200 ದೇಶಗಳ ಲೆಕ್ಕ ಹೇಳುವವರನ್ನು ಕೇಳುತ್ತೇನೆ: ನಾಲ್ಕನೆಯವರಿಗೆ ಮೆರವಣಿಗೆಯಾದರೆ ಐದನೆಯವರಿಗೇಕಿಲ್ಲ? ಹೀಟ್ಸ್‌ನಲ್ಲಿ ಕೊನೆಯವರಾದವರಿಗೂ ತೆರೆದ ಜೀಪು ತರಿಸೋಣವೇ?

ಟೋಕಿಯೊದಲ್ಲಿ ಸಚಿನ್ ಅವರ 86.27 ಮೀಟರ್ ಬಂದದ್ದು ಮೊದಲ ಎಸೆತದಲ್ಲೇ. ಉಳಿದ ಐದು ಎಸೆತಗಳಲ್ಲಿ ಒಂದೂ ಅದನ್ನು ದಾಟಲಿಲ್ಲ. ಏಕೆ ದಾಟಲಿಲ್ಲ ಎಂದು ಅವರೊಂದಿಗೆ ಕುಳಿತು, ಓಡಿಬರುವ ಹೆಜ್ಜೆಯಿಂದ ಕೈಬಿಡುವ ಕ್ಷಣದವರೆಗೆ ಆ ಐದೂ ಎಸೆತಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ತರಬೇತುದಾರರಿಗೆ ಹಣ ಕೊಡಿ. ಶಾಲು ಆಮೇಲೆ ಹೊದಿಸಬಹುದು.