ಸೂಪರ್‌ಗರ್ಲ್ ಕುಡಿದರೆ ನಮಗೇನು ಕಷ್ಟ?

‘ಸೂಪರ್‌ಗರ್ಲ್: ವುಮನ್ ಆಫ್ ಟುಮಾರೋ’ ಅನ್ನೋ ಕಾಮಿಕ್ಸ್ ಓದಿ ಅಂತ ಯಾರಿಗೇ ಹೇಳಿದರೂ ಮೊದಲ ಕೆಲವು ಪುಟ ಆಗುತ್ತಿದ್ದ ಹಾಗೆ ಒಂದೇ ಪ್ರಶ್ನೆ ಬರುತ್ತದೆ. "ಅಲ್ಲ, ಇವಳು ಯಾಕೆ ಹೀಗೆ ಕುಡಿದು ಕೂತಿದಾಳೆ?" ಕೇಳುವವರಲ್ಲಿ ಹೆಂಗಸರೂ ಇದ್ದಾರೆ. ನಮ್ಮ ಸಿನಿಮಾ ನಾಯಕ ಬಾಟಲಿ ಹಿಡಿದರೆ ಅದಕ್ಕೊಂದು ಎಣ್ಣೆ ಹಾಡು, ಥಿಯೇಟರ್ ತುಂಬಾ ಶಿಳ್ಳೆ. ಅವನಿಗೆ ನೋವಿದೆ, ಕುಡೀತಾನೆ ಬಿಡಿ ಅಂತೀವಿ. ಕಾರಾಗೂ, ಅಂದರೆ ಈ ಸೂಪರ್‌ಗರ್ಲ್‌ಗೂ, ನೋವಿದೆ. ಅವಳ ನೋವು ಯಾವುದು ಅಂತ ಕೇಳುವ ಮೊದಲೇ ಅವಳ ಕೈಯಲ್ಲಿರೋ ಲೋಟ ನಮ್ಮ ಕಣ್ಣಿಗೆ ಬೀಳುತ್ತದೆ. ನನಗೆ ಸಿಟ್ಟು ಬರೋದು ಅಲ್ಲಿ.

ಕಥೆ ಶುರುವಾಗುವುದು ಅವಳ 21ನೇ ಹುಟ್ಟುಹಬ್ಬಕ್ಕೆ. ಅಮೆರಿಕದಲ್ಲಿ ಕಾನೂನಿನ ಪ್ರಕಾರ ಕುಡಿಯಬಹುದಾದ ವಯಸ್ಸು ಅದು. ಆದರೆ ನಮ್ಮ ಹಳದಿ ಸೂರ್ಯನ ಬೆಳಕಲ್ಲಿ ಅವಳಿಗೆ ಎಷ್ಟು ಕುಡಿದರೂ ಏರುವುದಿಲ್ಲ. ಶಕ್ತಿ ಬಿಡುವುದಿಲ್ಲ. ಅದಕ್ಕೇ ಕೆಂಪು ಸೂರ್ಯನ ಗ್ರಹವೊಂದನ್ನು ಹುಡುಕಿಕೊಂಡು ಹೋಗುತ್ತಾಳೆ. ಅಲ್ಲಿ ಅವಳು ಹಾರಲಾರಳು, ಹೊಡೆದರೆ ನೋವಾಗುತ್ತದೆ, ಕುಡಿದರೆ ಅಮಲೇರುತ್ತದೆ. ಒಂದು ದಿನ, ಒಂದೇ ಒಂದು ದಿನ, ಯಾರನ್ನೂ ಕಾಪಾಡದೆ ಸುಮ್ನೆ ಇರಬೇಕು ಅನ್ನೋ ಆಸೆ. ಮನೆ, ಆಫೀಸು, ಮಕ್ಕಳು, ಅತ್ತೆ ಮಾವ ಎಲ್ಲ ನೋಡಿಕೊಳ್ಳುವ ಹೆಂಗಸರಿಗೆ ಈ ಆಸೆ ಬಿಡಿಸಿ ಹೇಳಬೇಕಾ?

ಟಾಮ್ ಕಿಂಗ್ ಬರೆದಿದ್ದಾರೆ, ಬ್ರೆಜಿಲ್‌ನ ಬಿಲ್ಕಿಸ್ ಎವೆಲಿ ಚಿತ್ರ ಬರೆದಿದ್ದಾರೆ, ಬಣ್ಣ ಮ್ಯಾಟ್ ಲೋಪೆಸ್ ಅವರದು. 2021ರಿಂದ 2022ರ ನಡುವೆ 8 ಸಂಚಿಕೆಗಳಾಗಿ ಬಂದು ಆಮೇಲೆ ಪುಸ್ತಕವಾಯಿತು. ಕಥೆ ಹೇಳುವವಳು ಕಾರಾ ಅಲ್ಲ, ರುಥಿ ಅನ್ನೋ ಹಳ್ಳಿ ಹುಡುಗಿ. ಅವಳಪ್ಪನನ್ನು ಕ್ರೆಮ್ ಅನ್ನೋನು ಕೊಂದಿದ್ದಾನೆ. ಅವನನ್ನು ಕೊಲ್ಲೋಕೆ ಯಾರಾದರೂ ಸಿಗ್ತಾರಾ ಅಂತ ಕತ್ತಿ ಹಿಡಿದು ಹೆಂಡದಂಗಡಿಗೆ ಬಂದವಳಿಗೆ ಎದುರಾಗುವುದೇ ಈ ಅಮಲೇರಿದ ಹುಡುಗಿ. ಆ ಕ್ರೆಮ್ ಕಾರಾಳ ನಾಯಿ ಕ್ರಿಪ್ಟೋಗೂ ವಿಷದ ಬಾಣ ಬಿಡುತ್ತಾನೆ. ಇಬ್ಬರೂ ಅವನ ಬೆನ್ನು ಹತ್ತುತ್ತಾರೆ. ಮುಂದಿನದ್ದು ನೀವೇ ಓದಿ, ಕೊನೆ ನಾನು ಹೇಳಲ್ಲ.

ಆದರೆ ಆರ್ಗೋ ನಗರದ ಕಥೆ ಹೇಳಲೇಬೇಕು. ಅವಳ ಕಸಿನ್ ಸೂಪರ್‌ಮ್ಯಾನ್ ಇಬ್ಬರೂ ಹುಟ್ಟಿದ ಗ್ರಹ ಕ್ರಿಪ್ಟಾನ್ ಬಿಟ್ಟಾಗ ಎಳೆಗೂಸು. ಕಳೆದುಕೊಂಡ ಊರಿನ ಒಂದು ಬೀದಿಯೂ ಅವನಿಗೆ ನೆನಪಿಲ್ಲ. ಕಾರಾಗೆ ಎಲ್ಲವೂ ನೆನಪಿದೆ. ಗ್ರಹ ಒಡೆದಾಗ ಅವಳಿದ್ದ ಆರ್ಗೋ ಉಳಿದುಕೊಂಡಿತು. ಆಮೇಲೆ ಕಾಲ ಕೆಳಗಿನ ನೆಲವೇ ಕ್ರಿಪ್ಟೊನೈಟ್ ಆಗಿ ವಿಷ ಕಾರತೊಡಗಿತು. ಅವಳಪ್ಪ ಸೀಸದ ಹಾಳೆ ಹಾಸಿ ಜನರನ್ನು ಉಳಿಸಲು ನೋಡಿದ. ಅದೂ ನಿಲ್ಲಲಿಲ್ಲ. ತನ್ನವರು ಒಬ್ಬೊಬ್ಬರಾಗಿ ಹೋಗುವುದನ್ನು ಕಣ್ಣಾರೆ ಕಂಡು, ಕೊನೆಗೆ ಒಬ್ಬಳೇ ಭೂಮಿಗೆ ಬಂದವಳು ಅವಳು. ಈ ಪಾತ್ರ ಶುರುವಾದ 1959ರಿಂದ ಆರ್ಗೋ ಕಥೆ ಇದೆ. ಆದರೆ ಅಷ್ಟೆಲ್ಲ ನೋಡಿದ ಹುಡುಗಿಯ ಎದೆಯೊಳಗೆ ಏನಿರಬಹುದು ಅಂತ ಇಷ್ಟು ಹೊತ್ತು ಕೂತು ಯೋಚಿಸಿದ ಪುಸ್ತಕ ನಾನು ಬೇರೆ ಓದಿಲ್ಲ. ಸೂಪರ್‌ಮ್ಯಾನ್ ನೆರಳಲ್ಲೇ ಅವಳನ್ನು ನೋಡಿ ಅಭ್ಯಾಸವಾದವರಿಗೆ ಇದು ಬೇರೆಯೇ ಕಾರಾ.

ಎವೆಲಿ ಗೆರೆಗಳ ಬಗ್ಗೆ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಕೂದಲಿನ ಎಳೆ ಎಳೆಯೂ ಬೇರೆ ಬೇರೆ ಕಾಣುತ್ತದೆ. ಮುಖ ಮಾತ್ರ ಚಂದದ ಗೊಂಬೆಯದ್ದಲ್ಲ. ಸುಸ್ತಾದ ಕಣ್ಣು, ರೇಗಿದ ತುಟಿ. ಹೆಣ್ಣು ಸೂಪರ್‌ಹೀರೋಗಳನ್ನು ಮೈ ತೋರಿಸೋಕೆ ಅಂತಲೇ ಬರೆದ ಪುಟಗಳು ಕಾಮಿಕ್ಸ್‌ನಲ್ಲಿ ರಾಶಿ ಇವೆ. ಇಲ್ಲಿ ಅದಿಲ್ಲ. ಹಾಗಂತ ಅವಳನ್ನು ದೇವಿ ಮಾಡಿ ಪೀಠದ ಮೇಲೂ ಕೂರಿಸಿಲ್ಲ. ಬೈತಾಳೆ, ವಾಂತಿ ಮಾಡ್ತಾಳೆ, ಮತ್ತೆ ಎದ್ದು ಹೋಗ್ತಾಳೆ. ತಮ್ಮ ಜೀವ ಉಳಿಸಿಕೊಳ್ಳೋಕೆ ನೇರಳೆ ಬಣ್ಣದ ನೆರೆಯವರನ್ನು ಕೊಲೆಗಡುಕರ ಕೈಗೆ ಒಪ್ಪಿಸಿದ ನೀಲಿ ಬಣ್ಣದವರ ಊರೊಂದು ಬರುತ್ತದೆ. ಮನೆಗಳು ಅಚ್ಚುಕಟ್ಟು, ಜನ ಮರ್ಯಾದಸ್ಥರು. ಅಲ್ಲಿ ಕಾರಾ ಕೋಪ ನುಂಗಿಕೊಂಡು ಪ್ರಶ್ನೆ ಕೇಳುವ ರೀತಿ ನೋಡಿ. ಗ್ರಹ ಎತ್ತಬಲ್ಲವಳು ಕೈ ಎತ್ತದೆ ನಿಲ್ಲುತ್ತಾಳೆ. ನನ್ನ ಪ್ರಕಾರ ಇಡೀ ಪುಸ್ತಕದ ದೊಡ್ಡ ಸಾಹಸ ಅದೇ.

ಇನ್ನು ಇದರ ಜೊತೆ ತಿನ್ನೋಕೆ ಏನು? ನನ್ನ ಉತ್ತರ ಬನಾನಾ ಫಾಸ್ಟರ್, ಬಾಳೆಹಣ್ಣಿಗೆ ರಮ್ ಸುರಿದು ಬೆಂಕಿ ಹಚ್ಚಿ ಮಾಡುವ ಸಿಹಿ. 1951ರಲ್ಲಿ ನ್ಯೂ ಆರ್ಲಿಯನ್ಸ್‌ನ ಬ್ರೆನನ್ಸ್ ರೆಸ್ಟೊರೆಂಟಿನಲ್ಲಿ ಪಾಲ್ ಬ್ಲಾಂಜೆ ಅನ್ನೋ ಅಡುಗೆಯವರು ಮಾಡಿದ್ದು. ಬಾಳೆಹಣ್ಣಿನ ಹಡಗುಗಳು ಬಂದಿಳಿಯುತ್ತಿದ್ದ ಬಂದರು ಅದು. ಫಾಸ್ಟರ್ ಅನ್ನೋ ಹೆಸರು ಮಾಲೀಕರ ಗೆಳೆಯ ರಿಚರ್ಡ್ ಫಾಸ್ಟರ್ ಅವರದು. ಆ ಊರಿನ ಅಪರಾಧ ತಡೆಯುವ ಸಮಿತಿಯಲ್ಲಿ ಇದ್ದವರು. ಸೂಪರ್‌ಗರ್ಲ್ ಪಕ್ಕ ಇಡೋಕೆ ಇದಕ್ಕಿಂತ ಒಳ್ಳೇ ಹೆಸರು ಬೇಕಾ?

ಇಬ್ಬರಿಗೆ ಎರಡು ಬಾಳೆಹಣ್ಣು. ಏಲಕ್ಕಿ ಬಾಳೆ ಬೇಡ, ಬಿಸಿಗೆ ಕರಗಿ ಮುದ್ದೆಯಾಗುತ್ತದೆ. ಹಣ್ಣಾದರೂ ಗಟ್ಟಿ ಇರುವ ನೇಂದ್ರ ತಗೊಳ್ಳಿ. ಉದ್ದಕ್ಕೆ ಸೀಳಿ ಎರಡು ತುಂಡು ಮಾಡಿ. ಅಗಲ ಬಾಣಲೆಯಲ್ಲಿ 2 ಚಮಚ ಬೆಣ್ಣೆ, ಕಾಲು ಕಪ್ ಬೆಲ್ಲದ ಪುಡಿ, ಚಿಟಿಕೆ ಚಕ್ಕೆ ಪುಡಿ. ಸಣ್ಣ ಉರಿ. ಬೆಲ್ಲ ಕರಗಿ ನೊರೆ ಬಂದಾಗ ಹಣ್ಣು ಹಾಕಿ, ಎರಡೂ ಕಡೆ ತಿರುವಿ. ಮೂಲದಲ್ಲಿ ಬ್ರೌನ್ ಶುಗರ್ ಇದೆ, ಬಾಳೆಹಣ್ಣಿನ ಲಿಕ್ಯೂರ್ (ಸಿಹಿ ಮದ್ಯ) ಕೂಡ ಇದೆ. ನಮ್ಮ ಬೆಲ್ಲ ಬ್ರೌನ್ ಶುಗರಿಗಿಂತ ರುಚಿ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ. ಲಿಕ್ಯೂರ್ ಸಿಗದಿದ್ದರೆ ಬಿಡಿ.

ಈಗ ಗ್ಯಾಸ್ ಆರಿಸಿ. ಪೂರ್ತಿ ಆರಿಸಿ. 3 ದೊಡ್ಡ ಚಮಚ ಓಲ್ಡ್ ಮಾಂಕ್ ಮೊದಲೇ ಒಂದು ಲೋಟಕ್ಕೆ ಅಳೆದಿಟ್ಟಿರಿ, ಬಾಟಲಿಯಿಂದ ನೇರ ಸುರೀಬೇಡಿ, ಬೆಂಕಿ ಬಾಟಲಿಗೆ ಹತ್ತಬಹುದು. ರಮ್ ಹಾಕಿ, ಮುಖ ದೂರ ಇಟ್ಟು ಉದ್ದ ಕಡ್ಡಿಯಿಂದ ಹೊತ್ತಿಸಿ. ಅದರಲ್ಲಿ ಶೇ. 42.8 ಆಲ್ಕೋಹಾಲ್ ಇರೋದರಿಂದ ಭಗ್ ಅಂತ ಹತ್ತುತ್ತದೆ. ಅಂಚು ನೀಲಿ, ಮೇಲೆ ಕಿತ್ತಲೆ. ಮುಚ್ಚಳ ಕೈಗೆ ಸಿಗುವ ಹಾಗೆ ಇರಲಿ. ಬೆಂಕಿ ತಾನಾಗಿ ಆರಿದ ಮೇಲೆ ವೆನಿಲಾ ಐಸ್‌ಕ್ರೀಮ್ ಮೇಲೆ ಬಿಸಿ ಬಿಸಿ ಹಾಕಿ.

ಬೆಂಕಿ ಹಚ್ಚಿದ್ದೀವಲ್ಲ, ಅಮಲೆಲ್ಲ ಸುಟ್ಟು ಹೋಯ್ತು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಇಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಪ್ರಕಾರ ಹೀಗೆ ಉರಿಸಿದರೂ ಸುಮಾರು ಶೇ. 75 ಆಲ್ಕೋಹಾಲ್ ಉಳಿಯುತ್ತದೆ. ಮಕ್ಕಳಿಗೆ ಕೊಡಬೇಡಿ, ತಿಂದು ಗಾಡಿ ಓಡಿಸಬೇಡಿ. ಕುಡಿಯದವರಿಗೆ ರಮ್ ಬದಲು ಕಿತ್ತಲೆ ರಸ ಹಾಕಿ, ಬೆಂಕಿ ಇಲ್ಲದೆಯೂ ಚೆನ್ನಾಗಿರುತ್ತದೆ. ರುಥಿ ಕೂಡ ಹಾಗೇ ಅಂದುಕೊಂಡಿರುತ್ತಾಳೆ, ಕ್ರೆಮ್ ಸತ್ತರೆ ಎದೆ ಉರಿ ಎಲ್ಲ ಸುಟ್ಟು ಹೋಗುತ್ತದೆ ಅಂತ. ಪಕ್ಕದಲ್ಲಿ ನಡೆಯುತ್ತಿರುವ ಕಾರಾಗೆ ಗೊತ್ತು, ಹೋಗಲ್ಲ. ಒಂದು ಇಡೀ ಗ್ರಹ ಉರಿದರೂ ಅವಳದ್ದು ಹೋಗಿಲ್ಲ.

ಈ ಪುಸ್ತಕದ ಮೇಲೆ ಸಿನಿಮಾನೂ ಮಾಡಿದ್ದಾರೆ. ಆದರೂ ಮೊದಲು ಪುಸ್ತಕ ಓದಿ, ಇಂಗ್ಲಿಷ್ ಸ್ವಲ್ಪ ಹಳೇ ಧಾಟಿಯದು, ಎರಡು ಅಧ್ಯಾಯ ಆಗುವಷ್ಟರಲ್ಲಿ ಅಭ್ಯಾಸವಾಗುತ್ತದೆ. ಹದಿನೈದು ದಾಟಿದ ಮಗಳಿದ್ದರೆ ಅವಳ ಕೈಗೂ ಕೊಡಿ. ರಕ್ತ ಇದೆ, ಬೈಗುಳ ಇದೆ, ಕುಡಿತವೂ ಇದೆ, ಅವಳು ತಡ್ಕೋತಾಳೆ. ಕೊನೆ ಸರಿಯಾಯ್ತಾ ಇಲ್ವಾ ಅನ್ನೋದರಲ್ಲಿ ನನಗೂ ನನ್ನ ತಂಗಿಗೂ ಇನ್ನೂ ಜಗಳ ಮುಗಿದಿಲ್ಲ. ಓದಿದವರು ಕಾಮೆಂಟಲ್ಲಿ ಬನ್ನಿ, ನಿಮ್ಮದು ಯಾರ ಪಕ್ಷ ಅಂತ ಹೇಳಿ.