ಮೇಜಿನ ಕೆಳಗಿನ ಯುಪಿಎಸ್

ಕರೆಂಟ್ ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಬ್ಯಾಟರಿ ಮೇಲೆ ನಡೆಸುವ ಯುಪಿಎಸ್ ಬಗ್ಗೆ ಯಾರೂ ಜಂಬ ಕೊಚ್ಚಿಕೊಂಡಿದ್ದನ್ನು ನಾನು ಈವರೆಗೆ ಕೇಳಿಲ್ಲ. ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಜಿಬಿ, ಗ್ರಾಫಿಕ್ಸ್ ಕಾರ್ಡ್ ಯಾವ ನಂಬರಿನದು ಎಂದು ಹೇಳಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಕ್ಯಾಬಿನೆಟ್ಟಿನ ಒಳಗೆ ಬಣ್ಣ ಬಣ್ಣದ ದೀಪ ಹಾಕಿಸಿ, ಅದು ಕಾಣಲಿ ಅಂತ ಪಕ್ಕಕ್ಕೆ ಗಾಜು ಕೂರಿಸಿ, ಫೋಟೋ ತೆಗೆದು ಸ್ಟೇಟಸ್ ಹಾಕುವವರೂ ಇದ್ದಾರೆ. ಆ ಫೋಟೋದಲ್ಲಿ ಯುಪಿಎಸ್ ಇರುವುದಿಲ್ಲ. ಅದು ಮೇಜಿನ ಕೆಳಗೆ, ಕಾಲು ತಾಗುವ ಜಾಗದಲ್ಲಿ, ವೈರುಗಳ ಸಿಕ್ಕಿನ ನಡುವೆ ಧೂಳು ಹೊತ್ತು ಕೂತಿರುತ್ತದೆ. ಮಳೆಗಾಲದಲ್ಲಿ ಬೆಕ್ಕು ಅದರ ಮೇಲೆ ಮಲಗುತ್ತದೆ. ಬೆಚ್ಚಗಿರುತ್ತದಲ್ಲ!

ಬೆಂಗಳೂರಿನಲ್ಲಿ ಕಂಪ್ಯೂಟರ್ ತಗೊಳ್ಳುವವರು ಬೇಕಾದರೆ ಎಸ್.ಪಿ. ರೋಡಿಗೆ ಹೋಗಿ ಮೊದಲು ಪ್ರೊಸೆಸರ್ ಆರಿಸಲಿ. ನಮ್ಮ ತೀರ್ಥಹಳ್ಳಿ ಕಡೆಯವರು ಮೊದಲು ಯುಪಿಎಸ್ ಆರಿಸಬೇಕು, ಆಮೇಲೆ ಅದು ತಡೆಯುವಷ್ಟು ಕಂಪ್ಯೂಟರ್ ತರಬೇಕು. ಇದು ನನ್ನ ಅಭಿಪ್ರಾಯ. ಅಡಿಕೆ ಮಂಡಿ, ದಿನಸಿ ಅಂಗಡಿಗಳ ಲೆಕ್ಕ ಬರೆಯುವ ಕೆಲಸ ನನ್ನದು. ದಿನವಿಡೀ ಕಂಪ್ಯೂಟರ್ ಮುಂದೆ ಕೂತಿರುವವನಿಗೆ ಇಷ್ಟು ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ.

ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಒಂದು ಪಾಲು ನಮ್ಮ ತಲೆ ಮೇಲೂ ಬೀಳುತ್ತದೆ. ಮಳೆಯ ಜೊತೆಗೆ ಗಾಳಿ. ಗಾಳಿಗೆ ಮರ. ಮರ ಬೀಳುವುದು ಸರಿಯಾಗಿ ಲೈನಿನ ಮೇಲೆ. ಇದರಲ್ಲಿ ಯಾರನ್ನು ಬೈಯುವುದು? ಆ ಸುರಿಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಕತ್ತಿ ಹಿಡಿದು ಕಂಬ ಹತ್ತುವ ಲೈನ್‌ಮನ್‌ನನ್ನು ಬೈಯಲು ನನಗಂತೂ ಬಾಯಿ ಬರಲ್ಲ. ಆದರೆ ಒಂದು ವಿಷಯ ಮಾತ್ರ ಆಗಾಗ ಚುಚ್ಚುತ್ತದೆ. ಜೋಗದಲ್ಲಿ 1948ರಿಂದ ಕರೆಂಟ್ ತೆಗೆಯುತ್ತಿದ್ದಾರೆ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಶರಾವತಿ ವಿದ್ಯುದಾಗಾರ ಒಂದೇ 1,035 ಮೆಗಾವ್ಯಾಟಿನದು. ಊರು, ತೋಟ, ಗದ್ದೆ ಮುಳುಗಿಸಿಕೊಂಡು ನಾವು ಕೊಟ್ಟ ಕರೆಂಟು ಘಟ್ಟದ ಜಿಲ್ಲೆಗಳನ್ನು ದಾಟಿ ಎಲ್ಲೆಲ್ಲಿಗೋ ಹೋಗಿ ಬೆಳಗುತ್ತದೆ. ಇಲ್ಲಿ ನಾನು ಜಿಎಸ್‌ಟಿ ರಿಟರ್ನ್ ತುಂಬಿಸಿ ಕೊನೆಯ ಬಟನ್ ಒತ್ತುವ ಹೊತ್ತಿಗೆ ಮಾನಿಟರ್ ಕಪ್ಪಾಗುತ್ತದೆ.

ಇಡೀ ದಿನ ಕರೆಂಟ್ ಹೋದರೆ ಬೇಜಾರಿಲ್ಲ. ಬಾಗಿಲು ಹಾಕಿ ಮನೆಗೆ ಹೋಗಬಹುದು. ತೊಂದರೆ ಕೊಡುವುದು ಒಂದೇ ಒಂದು ಕ್ಷಣ ಹೋಗಿ ಬರುವ ಕರೆಂಟು. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಅದು ಪುನರ್ಜನ್ಮ. ಕ್ಯಾಬಿನೆಟ್ಟಿನೊಳಗೆ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ತನ್ನ ಕೆಪಾಸಿಟರುಗಳಲ್ಲಿ ಉಳಿದ ಕರೆಂಟಿನಿಂದ ಹೆಚ್ಚೆಂದರೆ ಹದಿನೈದು ಇಪ್ಪತ್ತು ಮಿಲಿಸೆಕೆಂಡ್ ತಡೆಯಬಲ್ಲದು, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗ. ಒಳ್ಳೆಯ ಯುಪಿಎಸ್ ಅದಕ್ಕೂ ಮುಂಚೆಯೇ ಬ್ಯಾಟರಿಗೆ ಬದಲಾಗಿಬಿಡುತ್ತದೆ. ಒಳಗೆ ‘ಟಕ್’ ಎಂದು ರಿಲೇ ಸದ್ದು. ಆಮೇಲೆ ‘ಕುಂಯ್’. ಅಷ್ಟೇ ಅದರ ಕೆಲಸ. ಅಷ್ಟಕ್ಕಾಗಿಯೇ ಅದು ವರ್ಷಗಟ್ಟಲೆ ಕಾದು ಕೂತಿರುತ್ತದೆ.

ನಮ್ಮ ಆಫೀಸಿನಲ್ಲಿ ಇರುವ ಯುಪಿಎಸ್‌ಗಳು ಬೇರೆ ಬೇರೆ ಕಾಲದಲ್ಲಿ ತಂದವು. ಅದಕ್ಕೇ ಒಂದೊಂದರದ್ದು ಒಂದೊಂದು ಕೂಗು. ಕರೆಂಟ್ ಹೋದ ಕೂಡಲೇ ಎಲ್ಲವೂ ಸೇರಿ ಶುರು ಮಾಡುತ್ತವೆ. ಆಗ ಯಾರೂ ಮಾತಾಡುವುದಿಲ್ಲ. ಎಲ್ಲರ ಎಡಗೈ ತನ್ನಷ್ಟಕ್ಕೆ ಕಂಟ್ರೋಲ್ ಕೀ ಮೇಲೆ ಹೋಗುತ್ತದೆ. ಎಕ್ಸೆಲ್‌ನಲ್ಲಿ ಇದ್ದವರು ಕಂಟ್ರೋಲ್ ಎಸ್, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ವೋಚರ್ ಹಾಕುತ್ತಿದ್ದವರು ಕಂಟ್ರೋಲ್ ಎ. ನಮ್ಮ ಹಿರಿಯ ಗುಮಾಸ್ತರೊಬ್ಬರು ಕೂಗು ಕೇಳಿದ ಮೇಲೆ ಒತ್ತುವವರಲ್ಲ. ಅವರು ಪ್ರತಿ ಸಾಲಿಗೂ ಒಮ್ಮೆ ಸೇವ್ ಮಾಡುತ್ತಾರೆ. ಅವರ ಕೀಬೋರ್ಡಿನಲ್ಲಿ ಎಸ್ ಅಕ್ಷರ ಅಳಿಸಿಹೋಗಿದೆ.

ಅವರದ್ದೇ ಇನ್ನೊಂದು ಅಭಿಪ್ರಾಯ ಇದೆ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ಕಂಪ್ಯೂಟರನ್ನು ದಿನಾ ಸ್ವಲ್ಪ ಹೊತ್ತು ಆನ್ ಮಾಡಬೇಕು. ನಗರದಲ್ಲಿ ಕಲಿತು ಬಂದ ಹುಡುಗರು ಇದಕ್ಕೆ ನಗುತ್ತಾರೆ. ನಗಬಾರದು. ಜುಲೈ ತಿಂಗಳಲ್ಲಿ ನಮ್ಮ ಬೆಲ್ಟು, ಚಪ್ಪಲಿ, ಬೀರುವಿನ ಬಟ್ಟೆ ಎಲ್ಲಕ್ಕೂ ಬೂಸ್ಟು ಬರುತ್ತದೆ. ಕ್ಯಾಬಿನೆಟ್ಟಿನೊಳಗೂ ಅದೇ ಗಾಳಿ ಇರುವುದು. ಮಷೀನು ಓಡಿ ಬಿಸಿಯಾದರೆ ಒಳಗಿನ ಥಂಡಿ ಹೋಗುತ್ತದೆ. ಶಾಲೆಗೆ ರಜ ಅಂತ ಮುಚ್ಚಿಟ್ಟು, ಮಳೆ ಮುಗಿದ ಮೇಲೆ ಸ್ವಿಚ್ ಹಾಕಿದವರನ್ನು ಕೇಳಿ ನೋಡಿ. ಇನ್ನು ಆ ಬೆಚ್ಚನೆಯ ಜಾಗ ಹುಡುಕಿಕೊಂಡು ಇರುವೆ, ಜಿರಳೆ, ಹಲ್ಲಿ ಒಳಗೆ ಹೋಗಿ ಸಂಸಾರ ಹೂಡುವುದು ಬೇರೆ ವಿಷಯ. ಹಲ್ಲಿ ಮದರ್‌ಬೋರ್ಡಿನ ಮೇಲೆ ಅಡ್ಡಾಡಿದರೆ ಏನಾಗುತ್ತದೆ ಅಂತ ರಿಪೇರಿಯವರು ವಿವರಿಸುತ್ತಾರೆ. ಊಟಕ್ಕೆ ಮುಂಚೆ ಕೇಳುವಂಥದ್ದಲ್ಲ.

ಆದರೆ ಎಲ್ಲ ನಂಬಿಕೆಗೂ ಇಂಥ ಆಧಾರ ಇರಲ್ಲ. ರಿಫ್ರೆಶ್ ನೋಡಿ. ಕಂಪ್ಯೂಟರ್ ಆನ್ ಆದ ತಕ್ಷಣ ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಬಲಗಡೆ ಮೌಸ್ ಒತ್ತಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್ ಅನ್ನದೆ ಕೆಲಸ ಶುರು ಮಾಡುವವರು ನಮ್ಮಲ್ಲಿ ಕಡಿಮೆ. ಹೀಗೆ ಮಾಡಿದರೆ ಮಷೀನು ಚುರುಕಾಗುತ್ತದಂತೆ. ನಿಜವಾಗಿ ಅದು ಮಾಡುವುದು ಪರದೆ ಮೇಲಿನ ಐಕಾನುಗಳನ್ನು ಇನ್ನೊಮ್ಮೆ ಬರೆದು ತೋರಿಸುವುದು, ಅಷ್ಟೇ. ರ್‍ಯಾಮ್ ಖಾಲಿಯಾಗಲ್ಲ, ವೇಗವೂ ಹೆಚ್ಚಲ್ಲ. ಇದೆಲ್ಲ ಗೊತ್ತಿದ್ದೂ ನಾನು ದಿನಾ ಬೆಳಿಗ್ಗೆ ಒತ್ತುತ್ತೇನೆ. ಗಲ್ಲಾಪೆಟ್ಟಿಗೆಗೆ ಕೈ ಮುಗಿಯದೆ ಅಂಗಡಿ ತೆರೆಯಲು ಆಗುತ್ತದೆಯೇ?

ನಮ್ಮ ಆಫೀಸಿನ ಯಂತ್ರಗಳನ್ನು ಮಳೆ ಕೊಲ್ಲಲಿಲ್ಲ, ಸಿಡಿಲೂ ಕೊಲ್ಲಲಿಲ್ಲ. ಕೊಂದಿದ್ದು ಒಂದು ತಾರೀಖು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ಸರಿ, ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರೂ ಹೆಚ್ಚುಕಡಿಮೆ 2017ರ ನಂತರದ್ದೇ ಆಗಬೇಕು. ನಮ್ಮವು ಅದಕ್ಕಿಂತ ಹಳೆಯವು. ಲೆಕ್ಕ ಬರೆಯುವುದಕ್ಕೆ ಅವು ಧಾರಾಳ ಸಾಕು. ವೇಗವಾಗಿ ಓದಿ ಬರೆಯುವ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದ ಮೇಲಂತೂ ನಾನು ಕುರ್ಚಿ ಎಳೆದು ಕೂರುವಷ್ಟರಲ್ಲಿ ತಯಾರಾಗುತ್ತಿದ್ದವು. ಇಷ್ಟು ಮಳೆಗಾಲ ದಾಟಿದ ಯಂತ್ರಕ್ಕೆ ಎಲ್ಲೋ ದೂರ ಕೂತವರು ‘ನಿನಗೆ ವಯಸ್ಸಾಯಿತು’ ಅನ್ನುವುದು ನನಗೆ ಸರಿ ಕಾಣಲ್ಲ. ಒಂದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ ಪತ್ರ ಬರೆಯಲು ಇಟ್ಟುಕೊಂಡಿದ್ದೇವೆ. ಉಳಿದವಕ್ಕೆ ಹೊಸದು ತರಬೇಕು.

ತರೋಣ ಅಂದರೆ ಅದೇ ವರ್ಷದ ಕೊನೆಗೆ ರ್‍ಯಾಮ್ ಬೆಲೆ ಏರಿಬಿಟ್ಟಿತು. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಎಷ್ಟಿದ್ದರೂ ಸಾಲದಂತೆ, ಚಿಪ್ ಮಾಡುವ ಕಂಪನಿಗಳೆಲ್ಲ ಆ ಕಡೆ ತಿರುಗಿದವಂತೆ. ಇದನ್ನು ಕಂಪ್ಯೂಟರ್ ಓದಿದವರಿಗಿಂತ ಬೇಗ ಅರ್ಥ ಮಾಡಿಕೊಂಡವರು ನಮ್ಮ ಮಂಡಿ ಸಾಹುಕಾರರು. “ಅಂದ್ರೆ ಮಾಲು ದೊಡ್ಡ ಪಾರ್ಟಿಗೆ ಹೋಗ್ತಾ ಇದೆ. ನಮಗೆ ಉಳಿದದ್ದಕ್ಕೆ ರೇಟು. ಹಳೇ ಸ್ಟಾಕ್ ಇಟ್ಟುಕೊಂಡವನು ಗೆದ್ದ” ಅಂದರು. ಆಮೇಲೆ ಹಳೆಯ ಕಂಪ್ಯೂಟರಿನ ರ್‍ಯಾಮ್ ಬಿಚ್ಚಿಡಲು ಹೇಳಿದರು. ಅದು ಹೊಸ ಬೋರ್ಡಿಗೆ ಕೂರುವುದಿಲ್ಲ ಎಂದು ಹೇಳಿದೆ. “ಇರಲಿ, ಇಟ್ಟಿರು” ಎಂದರು.

ಇಷ್ಟಕ್ಕೂ ಮನೆಯ ಕಂಪ್ಯೂಟರ್ ಮಾತು ಬಂದರೆ ನನ್ನ ಅಕ್ಕನ ಮಗನ ವಿಷಯ ಹೇಳಲೇಬೇಕು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಗೇಮಿಂಗ್ ಪಿಸಿ ಕಟ್ಟಿಸುವ ಹುಚ್ಚು. ಫೋನಿನಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ಪ್ರತಿ ವಾರ ಏನಾದರೂ ಬದಲಾಗುತ್ತದೆ. ಒಂದು ಭಾನುವಾರ ಜಗುಲಿಯಲ್ಲಿ ಕೂತು ಅವನ ಅಜ್ಜನಿಗೆ ವಿವರಿಸುತ್ತಿದ್ದ. ಎನ್‌ವಿಡಿಯಾದ 5090 ಗ್ರಾಫಿಕ್ಸ್ ಕಾರ್ಡು, ಈಗಿರುವುದರಲ್ಲಿ ಅದೇ ರಾಜ.

“ಎಷ್ಟಂತೆ?”

“ಎರಡು ಲಕ್ಷದ ಮೇಲೆ ಅಜ್ಜ. ನಾನು ಅದನ್ನೇ ತಗೊಳ್ತೀನಿ ಅಂತಲ್ಲ, ಸುಮ್ನೆ ಹೇಳಿದೆ.”

“ಅಡಿಕೆ ಲೆಕ್ಕದಲ್ಲಿ ಹೇಳು ಮಾರಾಯ.”

ಹುಡುಗ ಕ್ವಿಂಟಾಲಿಗೆ ಭಾಗಿಸಿ ಒಂದು ಸಂಖ್ಯೆ ಹೇಳಿದ. ಅಜ್ಜ ಹುಬ್ಬು ಏರಿಸಿದರು. “ಗೊರಬಲಾ ರಾಶಿಯಾ?” ಎಂದರು. ಎರಡೂ ಅಡಿಕೆಯ ದರ್ಜೆಗಳು, ರಾಶಿಗೆ ಬೆಲೆ ಹೆಚ್ಚು. ರಾಶಿ ಎಂದ ಮೇಲೆ ಅಜ್ಜ ಸುಮಾರು ಹೊತ್ತು ಮಾತಾಡಲಿಲ್ಲ.

ನನ್ನ ತಕರಾರು ದುಡ್ಡಿನದ್ದಲ್ಲ. ಆ ಕಾರ್ಡು ಒಂದೇ 575 ವ್ಯಾಟ್ ಎಳೆಯುತ್ತದೆ. ಕಂಪನಿಯವರೇ 1,000 ವ್ಯಾಟಿನ ಎಸ್‌ಎಂಪಿಎಸ್ ಹಾಕಿ ಎನ್ನುತ್ತಾರೆ. ನಮ್ಮ ಕಡೆ ಮನೆಮನೆಯಲ್ಲಿ ಇರುವ 600 ವಿಎ (ವೋಲ್ಟ್ ಆಂಪಿಯರ್) ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಅಷ್ಟೂ ವ್ಯಾಟ್ ಅಂದುಕೊಳ್ಳುವವರು ತುಂಬಾ ಜನ. ಒಳಗಿರುವುದು 12 ವೋಲ್ಟಿನ, 7 ಆಂಪಿಯರ್ ಅವರ್‌ನ ಒಂದು ಸಣ್ಣ ಬ್ಯಾಟರಿ. ಆಫೀಸಿನ ಸಾಧಾರಣ ಕಂಪ್ಯೂಟರನ್ನು ಅದು ಹತ್ತು ಹದಿನೈದು ನಿಮಿಷ ಸಾಕುತ್ತದೆ. ಈ ಹುಡುಗನ ಕನಸಿನ ಯಂತ್ರ ಹಾಕಿದರೆ ‘ಕುಂಯ್’ ಅನ್ನಲೂ ಪುರುಸೊತ್ತು ಸಿಗದೆ ಮಲಗುತ್ತದೆ.

“ಇನ್ವರ್ಟರ್ ಇದೆಯಲ್ಲ ಮಾವ?” ಅಂದ.

ಇದೆ. ಇನ್ವರ್ಟರಿನ ಹಿಂದೆ ಒಂದು ಸ್ವಿಚ್ಚೂ ಇದೆ. ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ಇಕೋ ಮೋಡ್. ಇಕೋದಲ್ಲಿ ಇಟ್ಟರೆ 100 ವೋಲ್ಟಿನ ಆಸುಪಾಸಿನ ಸೊರಗಿದ ಕರೆಂಟನ್ನೂ ಅದು ಒಳಗೆ ಬಿಡುತ್ತದೆ, ಆದರೆ ಬದಲಾಗುವುದು ನಿಧಾನ. ಕಂಪ್ಯೂಟರ್ ಆರಿಹೋಗುತ್ತದೆ. ಯುಪಿಎಸ್ ಮೋಡ್‌ನಲ್ಲಿ ಬೇಗ ಬದಲಾಗುತ್ತದೆ, ಆದರೆ ಅದು ಬಲು ಮಡಿ. ಸುಮಾರು 180 ವೋಲ್ಟಿಗಿಂತ ಕೆಳಗೆ ಬಂದ ಕರೆಂಟನ್ನು ಮುಟ್ಟುವುದೇ ಇಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಸಂಜೆ ಹೊತ್ತು ಆಚೆಮನೆ, ಈಚೆಮನೆಯವರೆಲ್ಲ ಸುಲಿಯುವ ಮಷೀನು ಶುರು ಮಾಡಿದರೆ ನಮ್ಮ ಲೈನಿನ ಕೊನೆಯ ಮನೆಗೆ 180 ಎಲ್ಲಿಂದ ಬರಬೇಕು? ಕರೆಂಟ್ ಇದ್ದೂ ಮನೆಯೆಲ್ಲ ಬ್ಯಾಟರಿ ಮೇಲೆ ನಡೆಯುತ್ತದೆ. ಕೊನೆಗೆ ಬ್ಯಾಟರಿಯೂ ಮುಗಿದು, ಅಕ್ಕ ಲಾಟೀನು ಹುಡುಕುತ್ತಾಳೆ.

ಆದ್ದರಿಂದ ನನ್ನ ಸಲಹೆ ಬೇರೆ ಇತ್ತು. 2016ರಲ್ಲಿ ಎನ್‌ವಿಡಿಯಾದ್ದೇ 1050 ಟಿಐ ಎಂಬ ಕಾರ್ಡು ಬಂದಿತ್ತು. 75 ವ್ಯಾಟ್. ಮದರ್‌ಬೋರ್ಡಿನ ಸ್ಲಾಟ್ ಕೊಡುವುದೇ ಅಷ್ಟು. ಬಹಳಷ್ಟು ಮಾದರಿಗಳಿಗೆ ಬೇರೆ ವೈರ್ ಕೂಡ ಬೇಡ. ಮಲೆನಾಡಿಗೆ ಹೇಳಿ ಮಾಡಿಸಿದ ಕಾರ್ಡು ಅದು. ಹಳೆಯದಾಯಿತು ನಿಜ, ಆದರೆ ಅಂಥದ್ದೇ ಹಾದಿಯ ಹೊಸದೊಂದನ್ನು ನೋಡಬಹುದಲ್ಲ ಎಂದೆ. ಹುಡುಗ ನನ್ನನ್ನು ನೋಡಿದ ನೋಟದಲ್ಲಿ ಮರ್ಯಾದೆ ಇತ್ತು, ಒಪ್ಪಿಗೆ ಇರಲಿಲ್ಲ.

“ಹಾಗಾದ್ರೆ ಲ್ಯಾಪ್‌ಟಾಪ್ ತಗೊಳ್ಳೋ” ಅಂದಳು ಅಕ್ಕ, ಅಡುಗೆಮನೆಯಿಂದಲೇ. ಅವಳ ಮಾತಿನಲ್ಲಿ ತೂಕ ಇದೆ. ಲ್ಯಾಪ್‌ಟಾಪ್ ತನ್ನ ಯುಪಿಎಸ್ಸನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಟ್ಟಿರುತ್ತದೆ. 2020ರಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡದ ತುದಿಯಲ್ಲಿ ಕೂತು ಕೆಲಸ ಮಾಡಿದ್ದು ಅದರಿಂದಲೇ ತಾನೆ? ಡೆಸ್ಕ್‌ಟಾಪನ್ನು ಗುಡ್ಡಕ್ಕೆ ಹೊರುವುದು ಯಾರು? ಜೊತೆಗೆ ಅಕ್ಕನಿಗೆ ಇನ್ನೊಂದು ಅನುಕೂಲ. ಏಪ್ರಿಲ್ ಮೇನಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಅವಳು ಮನೆಯ ಎಲ್ಲ ಪ್ಲಗ್ಗನ್ನೂ ಕೀಳುತ್ತಾಳೆ. ಟಿವಿ, ಫ್ರಿಜ್ ಯಾವುದನ್ನೂ ಬಿಡುವುದಿಲ್ಲ. ಲ್ಯಾಪ್‌ಟಾಪಿಗಾದರೆ ಬೈಗುಳ ತಿನ್ನದೆ ಪ್ಲಗ್ ಕೀಳಬಹುದು. ಹಿಂದೆ ತಾಮ್ರದ ಫೋನ್ ವೈರಿನಲ್ಲಿ ಸಿಡಿಲಿನ ಕರೆಂಟ್ ಬಂದು ಮೋಡೆಮ್ ಸುಟ್ಟುಹೋಗುತ್ತಿತ್ತು. ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ಕರೆಂಟ್ ಹರಿಯುವುದಿಲ್ಲ. ಇದನ್ನು ಎಷ್ಟು ಹೇಳಿದರೂ ಅಕ್ಕ ಆ ವೈರನ್ನೂ ಕೀಳುತ್ತಾಳೆ. ಮೋಡೆಮ್ಮಿನ ಪ್ಲಗ್ ಹೇಗೂ ಗೋಡೆಯಲ್ಲೇ ಇರುವುದರಿಂದ ನಾನೂ ಜಾಸ್ತಿ ವಾದ ಮಾಡಲ್ಲ.

ಯುಪಿಎಸ್ಸಿನ ಕಷ್ಟ ಇನ್ನೊಂದಿದೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ. ಸತ್ತದ್ದು ನಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಗೊತ್ತಾದ ಮೇಲೂ ಬದಲಿಸುವುದಿಲ್ಲ. ಬ್ಯಾಟರಿ ಹೋದ ಯುಪಿಎಸ್ಸಿಗೆ ಪ್ಲಗ್ ಸಿಕ್ಕಿಸಿ ವರ್ಷಗಟ್ಟಲೆ ಕೆಲಸ ಮಾಡುವ ಎಷ್ಟೋ ಆಫೀಸುಗಳನ್ನು ನೋಡಿದ್ದೇನೆ. ಅಲ್ಲಿ ಅದು ಬರೀ ಎಕ್ಸ್‌ಟೆನ್ಷನ್ ಬಾಕ್ಸು. ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ, “ಇರಲಿ ಬಿಡಿ ಸಾರ್, ಒಂದು ಧೈರ್ಯ” ಅನ್ನುತ್ತಾರೆ. ಎರಡು ಲಕ್ಷದ ಕಾರ್ಡಿನ ಮಾತಾಡುವ ದೇಶದಲ್ಲಿ ಸಾವಿರ ರೂಪಾಯಿಯ ಆಸುಪಾಸಿನ ಬ್ಯಾಟರಿಗೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ.

ಹುಡುಗ ಕೊನೆಗೂ ಶಿವಮೊಗ್ಗದಲ್ಲಿ ನಾಲ್ಕಾರು ಅಂಗಡಿ ತಿರುಗಿ ಬಂದ. ಕಾರ್ಡು ಇನ್ನೂ ತೀರ್ಮಾನವಾಗಿಲ್ಲ, ರ್‍ಯಾಮ್ ಇಳಿಯಲಿ ಅಂತ ಕಾಯುತ್ತಿದ್ದಾನೆ. ಆದರೆ ನನ್ನ ಮಾತಿಗೆ ಬೆಲೆ ಕೊಟ್ಟು ಮೊದಲು ಯುಪಿಎಸ್ ತಂದಿದ್ದಾನೆ, ಸಾಕಷ್ಟು ದೊಡ್ಡದು, 1,500 ವಿಎ. ಇಬ್ಬರು ಸೇರಿ ಜಗುಲಿಗೆ ಹೊತ್ತು ತಂದರು. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಯುಪಿಎಸ್ ಒಂದೇ ಹಸಿರು ದೀಪ ಹಚ್ಚಿಕೊಂಡು ಕೂತಿತು. ಅಜ್ಜ ಅದರ ಸುತ್ತ ಒಂದು ಸಲ ಬಂದರು. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು.

“ಇದಕ್ಕೆ ಮಿಕ್ಸಿ ಹಾಕಬಹುದಾ?”

“ಅಯ್ಯೋ ಅಮ್ಮ, ಅದು ಕಂಪ್ಯೂಟರಿಗೆ.”

“ಕಂಪ್ಯೂಟರ್ ಎಲ್ಲಿದೆ?”

ಹುಡುಗ ನನ್ನ ಮುಖ ನೋಡಿದ. ನಾನು ಮಿಕ್ಸಿಯನ್ನು ತಿರುಗಿಸಿ, ಅಡಿಯಲ್ಲಿ ಬರೆದಿದ್ದ ವ್ಯಾಟ್ ಓದುತ್ತಿದ್ದೆ.