ಐನೂರ ಎಪ್ಪತ್ತು ರೂಪಾಯಿಯ ಶ್ರೀಮಂತ

ನಮ್ಮ ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಎಂಬ ಪ್ರದೇಶವಿದೆ. ಬ್ರಿಟಿಷರ ಕಾಲದಲ್ಲಿ ಸೈನಿಕರ ವಸತಿಗೆಂದೇ ಬೆಳೆದ ಭಾಗ ಅದು. ಈಗ ಅಲ್ಲಿನ ಒಂದು ಮನೆಯ ಎರಡನೇ ಮಹಡಿಯಲ್ಲಿ, ನೀರಿನ ಟ್ಯಾಂಕಿಗೆ ಒತ್ತಿಕೊಂಡಿರುವ ಎರಡು ಕೋಣೆಗಳಲ್ಲಿ, ಎಪ್ಪತ್ತು ದಾಟಿದ ಮಾಜಿ ಸೈನಿಕರೊಬ್ಬರು ಹೆಂಡತಿಯೊಡನೆ ಬಾಡಿಗೆಗಿದ್ದಾರೆ. ಊರು ತನ್ನ ಹೆಸರಿನ ಮರ್ಯಾದೆಯನ್ನು ಇಷ್ಟಾದರೂ ಉಳಿಸಿಕೊಂಡಿದೆಯಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳಬೇಕು.

ಇವರು ಮನೆಗಾಗಿ ಅರ್ಜಿ ಹಾಕಲು ಹೋದಾಗ ಜೊತೆಗೆ ನಾನೂ ಹೋಗಿದ್ದೆ. ನಿವೃತ್ತಿಯ ಹುದ್ದೆ ‘ನಾಯಕ್’ ಎಂದು ಬರೆದಿದ್ದನ್ನು ನೋಡಿದ ಗುಮಾಸ್ತರು, “ಜಾತಿ ಸರ್ಟಿಫಿಕೇಟ್ ಎಲ್ಲೈತ್ರಿ ಯಜಮಾನ್ರೆ?” ಎಂದು ಕೇಳಿದರು. ಅದು ಜಾತಿಯಲ್ಲ, ತೋಳಿನ ಮೇಲಿನ ಎರಡು ಪಟ್ಟಿ ಎಂದು ವಿವರಿಸಲು ಕಾಲು ಗಂಟೆ ಹಿಡಿಯಿತು. ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ದೇಶದಲ್ಲಿ ಎಲ್ಲಿಯೂ ತಮ್ಮ ಹೆಸರಿನಲ್ಲಿ ಪಕ್ಕಾ ಮನೆಯಿಲ್ಲ ಎಂದು ಅರ್ಜಿದಾರರು ಬರೆದುಕೊಡಬೇಕು. “ಅಷ್ಟ್ ಊರಾಗ ಇದ್ದು ಬಂದೀರಿ, ಒಂದೂರಾಗೂ ಮನಿ ಮಾಡ್ಲಿಲ್ಲೇನ್ರಿ?” ಎಂದು ಗುಮಾಸ್ತರು ನಿಜವಾದ ಅನುಕಂಪದಿಂದಲೇ ಕೇಳಿದರು. ಬಂಕರುಗಳನ್ನು ಪಕ್ಕಾ ಮನೆಗಳ ಪಟ್ಟಿಗೆ ಸೇರಿಸುತ್ತಾರೆಯೋ ಏನೋ ಎಂದು ನನಗೂ ಒಂದು ಕ್ಷಣ ಅಳುಕಾಯಿತು.

ಆದರೆ ಅರ್ಜಿ ನಿಂತದ್ದು ಇವೆರಡರಿಂದಲೂ ಅಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲ ಎನಿಸಿಕೊಳ್ಳಬೇಕಾದರೆ ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯನ್ನು ಮೀರಬಾರದು. ಇವರ ಮೂಲ ಪಿಂಚಣಿ 19,000 ರೂಪಾಯಿ. ಅದಕ್ಕೆ ಶೇ 31ರ ತುಟ್ಟಿ ಪರಿಹಾರ ಸೇರಿ ವರ್ಷಕ್ಕೆ 2,98,680 ರೂಪಾಯಿ ಬರುತ್ತಿತ್ತು. ಹೀಗೆ ಇವರು 1,320 ರೂಪಾಯಿಯ ಅಂತರದಲ್ಲಿ ಗೌರವಾನ್ವಿತ ಬಡವರಾಗಿದ್ದರು. ಅಷ್ಟರಲ್ಲಿ, ಬೆಲೆಯೇರಿಕೆಯಿಂದ ಪಿಂಚಣಿದಾರರು ನಲುಗುತ್ತಿದ್ದಾರೆ ಎಂಬುದನ್ನು ಮನಗಂಡ ಕೇಂದ್ರ ಸಚಿವ ಸಂಪುಟವು 2022ರ ಮಾರ್ಚ್ 30ರಂದು ತುಟ್ಟಿ ಪರಿಹಾರವನ್ನು ಶೇ 34ಕ್ಕೆ ಏರಿಸಿ, ಜನವರಿಯಿಂದಲೇ ಅನ್ವಯವಾಗುವಂತೆ ಒಪ್ಪಿಗೆ ನೀಡಿತು. ತಿಂಗಳಿಗೆ 570 ರೂಪಾಯಿ ಹೆಚ್ಚಾಯಿತು, ವರ್ಷದ ಆದಾಯ 3,05,520 ರೂಪಾಯಿಗೆ ಮುಟ್ಟಿತು. ಅಕ್ಕಿ ಬೇಳೆಯ ಬೆಲೆ ಏರಿದ್ದರಿಂದ ಇವರು ಶ್ರೀಮಂತರಾದರು.

ಶ್ರೀಮಂತರಿಗೂ ಅದೇ ಯೋಜನೆಯಲ್ಲಿ ಒಂದು ಬಾಗಿಲಿತ್ತೆಂಬುದನ್ನು ಇಲ್ಲಿ ಮರೆಮಾಚಬಾರದು. 3ರಿಂದ 6 ಲಕ್ಷ ಆದಾಯದ ವರ್ಗಕ್ಕೆ ಗೃಹಸಾಲದ ಬಡ್ಡಿಯಲ್ಲಿ ಸಹಾಯಧನ ಸಿಗುತ್ತಿತ್ತು. ಆ ಸೌಲಭ್ಯದ ಅವಧಿ ಮುಗಿದದ್ದು 2022ರ ಮಾರ್ಚ್ 31ಕ್ಕೆ. ಅಂದರೆ ಬುಧವಾರ ಒಂದು ಮನೆಯಿಂದ ಹೊರಬಿದ್ದ ನಮ್ಮ ನಾಯಕ್ ಸಾಹೇಬರಿಗೆ ಇನ್ನೊಂದು ಮನೆಯ ಬಾಗಿಲು ತಟ್ಟಲು ಗುರುವಾರ ಸಂಜೆಯವರೆಗೆ ಕಾಲಾವಕಾಶವಿತ್ತು. ಅದಕ್ಕೆ ಬೇಕಾಗಿದ್ದ ಬ್ಯಾಂಕ್ ಸಾಲದ ಮಾತೂ ಬೇಗ ಮುಗಿಯಿತು. ಎಪ್ಪತ್ತು ದಾಟಿದವರಿಗೆ ಇಪ್ಪತ್ತು ವರ್ಷದ ಕಂತು ಕೊಡುವಷ್ಟು ಆಶಾವಾದ ಬ್ಯಾಂಕಿನವರಲ್ಲಿ ಇರಲಿಲ್ಲ. ಪ್ರತಿ ನವೆಂಬರಿನಲ್ಲಿ ಇವರು ಬದುಕಿದ್ದಾರೆಂಬ ಪ್ರಮಾಣಪತ್ರವನ್ನು ತಪ್ಪದೆ ಪಡೆಯುವವರೂ ಅವರೇ.

ಯೋಜನೆಯ ಎರಡನೇ ಆವೃತ್ತಿ 2024ರಲ್ಲಿ ಬಂದಾಗ ಇವರು ಮತ್ತೆ ಕನ್ನಡಕ ಒರೆಸಿಕೊಂಡು ಓದಿದರು. ಆ ಹೊತ್ತಿಗೆ ತುಟ್ಟಿ ಪರಿಹಾರ ಶೇ 50 ಆಗಿತ್ತು. ಬಡತನದ ಮಿತಿ ಮಾತ್ರ 2015ರಲ್ಲಿ ಇದ್ದಲ್ಲಿಯೇ, ಅದೇ 3 ಲಕ್ಷದಲ್ಲಿಯೇ, ಗಡಿಕಲ್ಲಿನಂತೆ ನಿಂತಿತ್ತು. ಸಿಮೆಂಟು, ಕಬ್ಬಿಣ, ಮರಳು, ನಿವೇಶನ, ಪಿಂಚಣಿ ಎಲ್ಲವೂ ಏರಬಹುದಾದ ಈ ದೇಶದಲ್ಲಿ ಶಿಸ್ತನ್ನು ಕಾಪಾಡಿಕೊಂಡು ಬಂದಿರುವುದು ಅದೊಂದೇ. ಸೈನ್ಯದಲ್ಲಿದ್ದವರಾದ್ದರಿಂದ ಇವರಿಗೆ ಅದರ ಮೇಲೆ ಗೌರವವೂ ಇದೆ.

ಗೌರವದ ವಿಷಯದಲ್ಲಿ ಊರೂ ಹಿಂದೆ ಬಿದ್ದಿಲ್ಲ. ಪ್ರತಿ ಆಗಸ್ಟ್ 15ಕ್ಕೆ ವೇದಿಕೆಗೆ ಕರೆದು, ಬಳ್ಳಾರಿಯ ಆ ಬಿಸಿಲಿನಲ್ಲಿ ಶಾಲು ಹೊದಿಸುತ್ತಾರೆ. ಈಗ ಒಟ್ಟು ಹದಿನಾಲ್ಕು ಶಾಲುಗಳಾಗಿವೆ. ಅವನ್ನಿಡಲು ಜಾಗವಿಲ್ಲದೆ ಅವರ ಹೆಂಡತಿ ಹಳೆಯ ಟ್ರಂಕನ್ನು ಮಂಚದ ಕೆಳಗಿನಿಂದ ತೆಗೆದು ಟ್ಯಾಂಕಿನ ನೆರಳಿಗೆ ಸಾಗಿಸಿದ್ದಾರೆ.

ಆ ಮಾರ್ಚ್ 30ರ ಸುದ್ದಿಯನ್ನು ಮರುದಿನದ ಪತ್ರಿಕೆಯಲ್ಲಿ ಮೊದಲು ಓದಿದವರು ಮನೆಯ ಮಾಲೀಕರು. ಸಂಜೆಯೇ ಎರಡು ಮಹಡಿ ಹತ್ತಿ ಬಂದು, ಏದುಸಿರಿನಲ್ಲಿಯೇ ಅಭಿನಂದಿಸಿ, ಏಪ್ರಿಲ್‌ನಿಂದ ಬಾಡಿಗೆಯನ್ನು ಐನೂರು ರೂಪಾಯಿ ಏರಿಸಿರುವುದಾಗಿ ತಿಳಿಸಿದರು. ಮಿಕ್ಕ ಎಪ್ಪತ್ತು ರೂಪಾಯಿ ಆದಾಯ ಪ್ರಮಾಣಪತ್ರದ ಜೆರಾಕ್ಸಿಗೂ, ಕಚೇರಿಗೆ ಹೋಗಿಬರುವ ಆಟೋಗೂ ಸರಿಹೋಯಿತು.